ಮಿಣುಕದ ಎರಡು ದೀಪ

ಲಿಂಗಸೂಗೂರಿನ ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಪಂಪಾಪತಿ ಮಾಸ್ತರರಿಗೆ ಮಲ್ಟಿವೈಬ್ರೇಟರ್ ಪಾಠವೆಂದರೆ ಪಂಚಪ್ರಾಣ. ಎರಡು ಟ್ರಾನ್ಸಿಸ್ಟರ್, ಎರಡು ಕೆಪಾಸಿಟರ್, ಎರಡು ಪುಟ್ಟ ದೀಪ. ಒಂದು ಹೊತ್ತಿದರೆ ಇನ್ನೊಂದು ಆರಬೇಕು. ಕೆಪಾಸಿಟರಿನಲ್ಲಿ ವಿದ್ಯುತ್ತು ತುಂಬಿ ಬರಿದಾದಂತೆ ಸರದಿ ಬದಲಾಗುತ್ತಿರಬೇಕು. "ಅಕ್ಕತಂಗ್ಯಾರು ಪಾಳಿ ಮ್ಯಾಲೆ ನೀರು ತಂದಂಗ ನೋಡ್ರಿ," ಎನ್ನುತ್ತಿದ್ದರು.

ಮಾಸ್ತರರಿಗೊಂದು ಕೆಟ್ಟ ಚಟವಿತ್ತು. ಯಾವ ಸಾಮಾನನ್ನೂ ಎಸೆಯುತ್ತಿರಲಿಲ್ಲ. ಹಳೆಯ ಬೋರ್ಡಿನಿಂದ ಕಿತ್ತ ಕೆಪಾಸಿಟರನ್ನೂ ಬೇಕಾದೀತು ಅಂತ ಹೊಸದರ ಡಬ್ಬಿಗೇ ಸೇರಿಸಿಬಿಡುವರು.

ಮೂರು ವರ್ಷದ ಹಿಂದೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸಂತೆಕಲ್ಲೂರಿನ ಹುಡುಗಿ ಅನುಪಮಾಳ ಎರಡೂ ದೀಪ ಹೊತ್ತಿಕೊಂಡೇ ನಿಂತವು. ಒಂದೂ ಮಿಣುಕಲಿಲ್ಲ.

"ಸರ್, ವೈರಿಂಗ್ ಮೂರು ಸಲ ನೋಡೀನ್ರಿ, ಸರಿ ಐತಿ. ಕೆಪಾಸಿಟರ್ ಬ್ಯಾರೆ ಕೊಡ್ರಿ," ಎಂದಳು.

"ನಿನ್ನ ತಪ್ಪು ಸಾಮಾನಿನ ಮ್ಯಾಲೆ ಯಾಕ ಹಾಕ್ತಿ? ಉಳದೋರ್ದು ಎಲ್ಲಾ ಮಿಣಕಾಕತ್ತಾವ," ಎಂದರು ಮಾಸ್ತರರು. ಗಂಟೆಯಾಯಿತು. ನಪಾಸು ಬರೆದು ಎದ್ದರು. ಅನುಪಮಾ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

ಈ ಬೇಸಿಗೆಯಲ್ಲಿ ನಿವೃತ್ತಿಗೆ ಮುಂಚೆ ಡಬ್ಬಿ ಖಾಲಿ ಮಾಡುತ್ತ ಒಂದೊಂದನ್ನೇ ಮೀಟರಿಗೆ ಹಚ್ಚಿ ನೋಡಿದರು. ಹಳೆಯವೆಲ್ಲ ನಮ್ಮ ಸೀಮೆಯ ಕಾವಿಗೆ ಒಳಗೇ ಒಣಗಿ ಸತ್ತಿದ್ದವು. ಹೊರಗೆ ಮಾತ್ರ ಹೊಸದರ ಹಾಗೇ ಇದ್ದವು. ಅಂಥದೊಂದು ಸೇರಿದರೆ ಸಾಕು, ಎರಡೂ ದೀಪ ಹೊತ್ತಿಯೇ ನಿಲ್ಲುತ್ತವೆ. ಅದೇ ಪಾಠ ಹೇಳುವ ಮಾಸ್ತರರಿಗೆ ಅಂದು ಇಷ್ಟೂ ಹೊಳೆದಿರಲಿಲ್ಲ. ಹುಡುಗಿಯ ಮುಖ ಕಣ್ಣಿಗೆ ಕಟ್ಟಿತು. ಎರಡು ದಿನ ಊಟ ಸೇರಲಿಲ್ಲ.

ಅವಳು ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾಳೆಂದು ಕೇಳಿ, ಮಸ್ಕಿ ಮೇಲೆ ಹೋಗುವ ಬಸ್ಸು ಹಿಡಿದರು.

"ತಪ್ಪು ನಂದವ್ವ. ನಾ ಕೊಟ್ಟ ಕೆಪಾಸಿಟರೇ ಸತ್ತಿತ್ತು," ಎಂದರು ಅಂಗಡಿಯ ಮುಂದೆ ನಿಂತು. "ಪ್ರಿನ್ಸಿಪಾಲರಿಗೆ ಬರದು ಕೊಡ್ತೀನಿ. ಮತ್ತೊಮ್ಮೆ ಪರೀಕ್ಷೆಗೆ ಕುಂದ್ರು."

ಅನುಪಮಾ ಕೈಯಲ್ಲಿದ್ದ ಫೋನು ಕೆಳಗಿಟ್ಟಳು. "ಅದು ನನಗ ಅವತ್ತೇ ಗೊತ್ತಾತ್ರಿ ಸರ್. ನೀವು ಹೊಂಟ ಮ್ಯಾಲೆ ಬಾಜೂಕಿದ್ದ ಮಲ್ಲೇಶನ ಬೋರ್ಡಿನ ಕೆಪಾಸಿಟರ್ ತಗದು ನಂದಕ್ಕ ಹಾಕಿದೆ. ಚೆಂದಾಗಿ ಮಿಣಕಿದವು."

"ಹಂಗಾದ್ರ ನನ್ನ ಕರೀಬೇಕಿಲ್ಲೇನವ್ವ?"

"ಕರದಿದ್ನಲ್ರಿ. ಬ್ಯಾಟರಿ ಸಮೇತ ಬೋರ್ಡ್ ಹಿಡ್ಕೊಂಡು ಗೇಟಿನ ತನಾ ಓಡಿ ಬಂದಿದ್ದೆ."

ಮಾಸ್ತರರು ತಲೆ ತಗ್ಗಿಸಿದರು. ಅಂದು ಹಿಂದಿನಿಂದ "ಸರ್, ಸರ್" ಎಂದದ್ದು ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಮಾರ್ಕ್ಸಿಗೆ ಗೋಗರೆಯಲು ಬರುತ್ತಿದ್ದಾಳೆ ಅಂದುಕೊಂಡು, ತಿರುಗಿಯೂ ನೋಡದೆ ಬಸ್ಸು ಹತ್ತಿದ್ದರು.