ಸಿಗಾರ್ ಪೆಟ್ಟಿಗೆಯ ಪಿಟೀಲು

ಕೊರೊನಾ ಕಳೆದ ಮರುವರ್ಷ ನಾನು ತಾಳವಾಡಿ ಬೆಟ್ಟದ ಊರುಗಳಲ್ಲಿ ಮನೆಮನೆಗೆ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ನನಗೆ ತಿಳಿಯದ ಕೈಕಾಲು ಯಾವುದೂ ಇಲ್ಲವೆಂಬ ಜಂಬ ಬೇರೆ. ಪಣಕಹಳ್ಳಿಯ ಬಡಗಿ ಮಾದಪ್ಪ ಆ ಜಂಬ ಇಳಿಸಿದವರು.

ಅವರಿಗೆ ಆಗ ಐವತ್ತೆಂಟು. ಸ್ಟ್ರೋಕ್ ಹೊಡೆದು ಬಲಗೈ ಬೆರಳುಗಳು ಸೋತಿದ್ದವು, ಭುಜ ಮಾತ್ರ ಆಡುತ್ತಿತ್ತು. ಹಿಡಿತದ ಬಲ ಅಳೆಯುವ ಡೈನಮೊಮೀಟರ್ ಕೊಟ್ಟರೆ ಮುಳ್ಳು ಎರಡು ಕಿಲೋ ದಾಟುತ್ತಿರಲಿಲ್ಲ. ಇನ್ನು ಕೆಲಸ ಮುಗಿಯಿತೆಂದು ಉಳಿ, ಗರಗಸಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದ್ದರು. ತಿಂಗಳ ಕೊನೆಗೆ ಗುಮಟಾಪುರದ ಬಡಗಿಯೊಬ್ಬರಿಗೆ ಕೊಡುವುದೆಂದು ಮಾತಾಗಿತ್ತು. ನಾನು ಕೊಟ್ಟ ಸ್ಪಂಜಿನ ಚೆಂಡನ್ನು ಮುಟ್ಟುತ್ತಲೂ ಇರಲಿಲ್ಲ.

“ಇದ ಅಮುಕ್ಕಂಡು ಕೂತ್ರೆ ಬಾಗ್ಲು ಆಯ್ತದಾ ಮೇಡಮ್ಮ?”

ಅಳತೆಯ ಟೇಪು, ಕೀಲು ಎಷ್ಟು ಬಾಗುತ್ತದೆಂದು ಅಳೆಯುವ ಗೋನಿಯೋಮೀಟರ್ ಇಡಲು ನನ್ನ ಬಳಿ ಮರದ ಸಿಗಾರ್ ಪೆಟ್ಟಿಗೆಯೊಂದಿತ್ತು, ಭಾವ ವಿದೇಶದಿಂದ ತಂದದ್ದು. ಒಂದು ದಿನ ಮಾದಪ್ಪ ಅದನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು.

“ಒಳ್ಳೆ ಅಲ್ಗೆ ಕಣಿ. ಪಿಟೀಲು ಮಾಡ್ಬೋದು.”

ಭಜನೆಯವರ ಪಿಟೀಲು ರಿಪೇರಿ ಮಾಡಿದ್ದವರು. ನಾನು ಅಲ್ಲೇ ಪೆಟ್ಟಿಗೆ ಖಾಲಿ ಮಾಡಿ ಕೊಟ್ಟೆ, ಬಲಗೈಯಲ್ಲೇ ಮಾಡಬೇಕೆಂದು ಷರತ್ತು ಹಾಕಿದೆ. ಉಳಿ ಹಿಡಿಯುವುದಕ್ಕಿಂತ ಒಳ್ಳೆಯ ವ್ಯಾಯಾಮ ಬೇಕೆ?

ಪ್ರತಿ ವಾರ ಹೋದಾಗಲೂ ಕೆಲಸ ಮುಂದೆ ಸಾಗಿರುತ್ತಿತ್ತು. ನಾದ ಹೊರಡಲು ಮುಚ್ಚಳಕ್ಕೆ ತೂತು ಬಿತ್ತು. ಹಲಸಿನ ಮರದ ತುಂಡು ಪಿಟೀಲಿನ ಕತ್ತಾಯಿತು. ಬೈಕಿನ ಕ್ಲಚ್ ವೈರಿನ ಎಳೆ ಬಿಡಿಸಿ ಎರಡು ತಂತಿ ಬಿಗಿದರು. ಬಿದಿರ ಸೀಳಿಗೆ ಎತ್ತಿನ ಬಾಲದ ಕೂದಲು ಕಟ್ಟಿ ಕಮಾನು ಮಾಡಿದರು. ನಾನಂತೂ ಬೀಗುತ್ತಿದ್ದೆ. ನಾಲ್ಕನೇ ವಾರ ಪಿಟೀಲು ಸಿದ್ಧವಾಗಿತ್ತು. ಖುಷಿಯಿಂದ ಡೈನಮೊಮೀಟರ್ ಕೊಟ್ಟೆ. ಅದೇ ಎರಡು ಕಿಲೋ.

ಹೆಂಡತಿ ಶಿವಮ್ಮ ನಕ್ಕುಬಿಟ್ಟರು. “ಎಲ್ಲ ಎಡಗೈಲೆ ಮಾಡ್ದದ್ದು ಕಣಿ. ನೀವ್ ಬರೋ ಒತ್ಗೆ ಉಳಿನ ಬಲಗೈಗೆ ಸಿಗಿಸ್ಕಳರು.”

ನನಗೆ ಮೈಯೆಲ್ಲ ಉರಿಯಿತು. “ಯಾಕೆ ಮೋಸ ಮಾಡಿದಿರಿ?” ಎಂದು ಕೇಳಿದೆ.

“ಮೋಸ ಏನ್ ಬಂತು? ಆ ಕೈ ಒಪ್ನಿಲ್ಲ, ಈ ಕೈ ಒಪ್ತು. ನೋಡಿ.”

ಮಾದಪ್ಪ ನೆಲದ ಮೇಲೆ ಕುಳಿತರು. ಹಲಗೆಯೊಂದನ್ನು ಎರಡೂ ಪಾದಗಳಲ್ಲಿ ಅದುಮಿ, ಅದರ ಮೇಲೆ ಬಲ ಮೊಣಕೈ ಊರಿ, ಎಡಗೈಯಲ್ಲಿ ಗರಗಸ ಎಳೆದರು. ಗೆರೆ ಒಂದಿಷ್ಟೂ ತಪ್ಪಲಿಲ್ಲ.

“ನಿದಾನ ಆಯ್ತದೆ, ಅಷ್ಟೆಯ. ಗುಮಟಾಪುರದೋರ್ಗೆ ಸಾಮಾನು ಕೊಡಾಕಿಲ್ಲ ಅಂತ ಯೋಳ್ಬುಟ್ಟಿವ್ನಿ.”

ಆಮೇಲೆ ಕಮಾನನ್ನು ಬಲ ಮಣಿಕಟ್ಟಿಗೆ ಬಟ್ಟೆಯಿಂದ ಕಟ್ಟಿಕೊಂಡು, ಭುಜದ ಬಲದಿಂದಲೇ ಎಳೆದರು. ಪಿಟೀಲು ಕರ್ಕಶವಾಗಿ ಕಿರುಚಿತು. “ಹಂದಿ ಓಡಿಸೋಕೆ ಒಲದಲ್ಲಿ ಇಟ್ಕಬೋದು” ಎಂದರು ಶಿವಮ್ಮ. ನನಗೂ ನಗು ತಡೆಯಲಾಗಲಿಲ್ಲ.

ಬಸ್ಸಿಗೆ ಕಾಯುತ್ತ ರಿಜಿಸ್ಟರ್ ತೆರೆದೆ. ಅದರಲ್ಲಿದ್ದದ್ದು ಸೋತ ಕೈಗೆ ಮಾತ್ರ ಜಾಗ. “ಪ್ರಗತಿ ಇಲ್ಲ” ಎಂದು ಬರೆದೆ, ಸುಳ್ಳೇನೂ ಅಲ್ಲ. ಆದರೆ ನಾಚಿಕೆಯಾಯಿತು. ನಾಲ್ಕು ವಾರ ನಾನು ಬಲಗೈ ಗುಣವಾಗಬೇಕೆಂದು ಹಟ ಹಿಡಿದಿದ್ದೆ. ಅವರಿಗೆ ಬೇಕಿದ್ದದ್ದು ಬಡಗಿಯಾಗಿ ಉಳಿಯುವುದು. ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ರೋಗಿಗೆ ಏನು ಬೇಕೆಂದು ಮೊದಲ ಭೇಟಿಯಲ್ಲೇ ಕೇಳಿ ಎಂದು ಈಗ ಕಿರಿಯರಿಗೆ ಹೇಳಿಕೊಡುತ್ತೇನೆ.

ಅಂದು ಪುಟದ ಅಂಚಿನಲ್ಲಿ ಇನ್ನೆರಡು ಸಾಲು ಸೇರಿಸಿದೆ: “ರೋಗಿ ಕೆಲಸಕ್ಕೆ ಮರಳಿದ್ದಾರೆ. ನನ್ನ ಮಾತು ಕೇಳದೆ.”