ಮೂಲೆ ಸೇರಿದ ಊರುಗೋಲು

ಪರದೆಯ ಮೇಲೆ ಮನೆಯವರು ಕಸ ಗುಡಿಸುತ್ತ ನಾಯಕನ ಊರುಗೋಲನ್ನು ಬಾಗಿಲ ಹಿಂದಿಟ್ಟು ಮರೆತಾಗ, ನನ್ನ ಪಕ್ಕದ ಸೀಟಿನವರೊಬ್ಬರು ಜೋರಾಗಿ ನಕ್ಕುಬಿಟ್ಟರು. ಹುಬ್ಬಳ್ಳಿಯ ಆ ಮ್ಯಾಟಿನಿಗೆ ಬಂದಿದ್ದವರೇ ಏಳು ಜನ. ಕಣ್ಣೊರೆಸಿಕೊಳ್ಳುತ್ತಿದ್ದ ನನಗೆ ಸಿಟ್ಟು ಬಂತು. ಇಂಟರ್ವಲ್‌ನಲ್ಲಿ ದೀಪ ಹತ್ತಿದಾಗ ನೋಡಿದರೆ, ಅವರ ತೊಡೆಯ ಮೇಲೂ ಒಂದು ಊರುಗೋಲು.

“ಅಳಬ್ಯಾಡ್ರಿ ಅಕ್ಕಾರ. ಈ ಪಿಚ್ಚರ್ ತಗದವ್ರಿಗೆ ಖರೇನ ಎಲ್ಲಾ ಗೊತ್ತೈತಿ. ನಮ್ಮ ಮನ್ಯಾಗೂ ಕಸಾ ಹೊಡದು ಕೋಲು ಮೂಲ್ಯಾಗ ಇಡ್ತಾರ. ಯಾರರ ಬರೂತನಾ ನಾ ಕುಂತಲ್ಲೇ ಕುಂತಿರ್ತೇನಿ,” ಎಂದರು.

ವಾರವೂ ಓಡದ ಆ ಸಿನಿಮಾ ನನ್ನ ಜೊತೆ ಮನೆಗೇ ಬಂತು. ಅತ್ತೆ ಮಂಚದ ಮೇಲೆ ಸುಮ್ಮನೆ ಕುಳಿತಿದ್ದರು. ಅವರ ಕೋಲು ಬಾಗಿಲ ಹಿಂದಿತ್ತು. ಹೊರಡುವ ಮುಂಚೆ ಕಸ ಗುಡಿಸಿ ಅಲ್ಲಿಟ್ಟವಳು ನಾನೇ.