ಗೋಡೆಯ ಕಾಗದ, ಡ್ರಾಯರಿನ ಕಾಗದ

ದೇಜಪ್ಪಣ್ಣ ಇನ್ನೂ ಎರಡು ವರ್ಷ ಬಹರೈನಿನಲ್ಲಿ ಇರಬಹುದಾಗಿತ್ತು. ಅದಕ್ಕೆ ಬೇಕಾದ ಕಾಗದಕ್ಕೆ ಸಹಿ ಬಿದ್ದಿತ್ತು, ಸೀಲೂ ಬಿದ್ದಿತ್ತು. ಅದನ್ನು ಅವರ ಕೈಗೆ ಮುಟ್ಟಿಸುವುದೊಂದೇ ಬಾಕಿ. ಮುಟ್ಟಿಸಬೇಕಾಗಿದ್ದ ಮಹಾಶಯ ನಾನು. ಆ ಹೊತ್ತಿಗೆ ನಾನು, ಕಾಗದಕ್ಕೆ ಸಹಿ ಹಾಕಿದವರ ಸ್ವರದಲ್ಲೇ ಮಾತಾಡಿ ಇಡೀ ಗ್ಯಾರೇಜನ್ನು ನಗಿಸುತ್ತಿದ್ದೆ. ಕಾಗದ ಕೇಕಿನ ಪೆಟ್ಟಿಗೆಯ ಅಡಿಯಲ್ಲಿ ತಣ್ಣಗೆ ಮಲಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ, ಅಷ್ಟರವರೆಗೆ ನೀವು ನನ್ನನ್ನು ಒಳ್ಳೆಯವನೆಂದು ನಂಬಿದ ಪಾಪವೂ ನನ್ನ ತಲೆಗೇ ಬರುತ್ತದೆ.

ಟುಬ್ಲಿಯ ನಮ್ಮ ಗ್ಯಾರೇಜಿನಲ್ಲಿ ದೇಜಪ್ಪಣ್ಣ ಎ.ಸಿ. ಮೆಕ್ಯಾನಿಕ್. ಕಾರಿನ ಎ.ಸಿ.ಯನ್ನು ಅವರು ಕಣ್ಣಿನಿಂದಲ್ಲ, ಕಿವಿಯಿಂದ ನೋಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವರು. ಒಮ್ಮೆ ಎ.ಸಿ. ಹಾಕಿ ಕೇಳುವರು, ಒಮ್ಮೆ ಆರಿಸಿ ಕೇಳುವರು. ಬಿಸಿಲಿನಲ್ಲಿ ಬೆವರುತ್ತ ನಿಂತ ಗಿರಾಕಿ ಗಡಿಬಿಡಿ ಮಾಡಿದರೆ, “ಎರಡೂ ಕಡೆಯವರದ್ದು ಕೇಳ್ಬೇಕಲ್ಲ ಸಾರ್” ಎನ್ನುವರು.

ಈ ಚಾಳಿ ಬಂದದ್ದು ಒಂದು ಪುಸ್ತಕದಿಂದ. ಗುಜರಿಗೆ ಹೋಗಲು ಬಂದಿದ್ದ ಒಂದು ಕಾರಿನ ಡಿಕ್ಕಿಯಲ್ಲಿ ಅವರಿಗೆ ದಪ್ಪನೆಯ ಇಂಗ್ಲಿಷ್ ಪಠ್ಯಪುಸ್ತಕ ಸಿಕ್ಕಿತ್ತು. ಅಮೆರಿಕದ ಸಂವಿಧಾನ ಹೇಗೆ ಹುಟ್ಟಿತು, ಅಲ್ಲಿನ ಸುಪ್ರೀಂ ಕೋರ್ಟು ಯಾವ ಯಾವ ದೊಡ್ಡ ತೀರ್ಪು ಕೊಟ್ಟಿತು ಎಂದು ವಿವರಿಸುವ ಪುಸ್ತಕ. ಕಾರಿನ ಯಜಮಾನ ದೇಶ ಬಿಟ್ಟು ಹೋಗಿಯಾಗಿತ್ತು. ಪುಸ್ತಕಕ್ಕೆ ರಟ್ಟು ಇರಲಿಲ್ಲ, ಎ.ಸಿ. ಪೈಪಿಗೆ ಸುತ್ತುವ ಬೆಳ್ಳಿ ಬಣ್ಣದ ಟೇಪು ಸುತ್ತಿ ಇವರೇ ರಟ್ಟು ಮಾಡಿದರು. ಕೊನೆಯ ಪುಟಗಳನ್ನು ಬ್ಯಾಟರಿಯ ಆಸಿಡ್ ತಿಂದಿತ್ತು. ಊಟದ ವಿರಾಮದಲ್ಲಿ ದಿನಕ್ಕೊಂದು ಪುಟ, ಪಕ್ಕದಲ್ಲಿ ಡಿಕ್ಷನರಿ, ಹನ್ನೊಂದು ವರ್ಷ. ಮುಗಿದರೆ ಮತ್ತೆ ಮೊದಲಿನಿಂದ. ಮಗಳು ಅಕ್ಷತಾ ಮಂಗಳೂರಿನಲ್ಲಿ ಕಾನೂನು ಓದಲು ಸೇರಿದ್ದೂ ಈ ಪುಸ್ತಕದ ದೆಸೆಯಿಂದಲೇ. ಅವಳ ಓದು ಮುಗಿಯಲು ಇನ್ನೂ ಎರಡು ವರ್ಷ ಇತ್ತು. ಆ ಎರಡು ವರ್ಷವೇ ನನ್ನ ಕೈಯಲ್ಲಿದ್ದ ಕಾಗದ.

ಪುಸ್ತಕದಲ್ಲಿ ಬರುವ ಹೆಸರುಗಳಿಗೆ ದೇಜಪ್ಪಣ್ಣನ ನಾಲಿಗೆ ಹೊರಳುತ್ತಿರಲಿಲ್ಲ. ಹಾಗಾಗಿ ಎಲ್ಲರಿಗೂ ಅವರೇ ಹೆಸರಿಟ್ಟಿದ್ದರು. ವಕೀಲನನ್ನು ಇಡಲು ಗತಿಯಿಲ್ಲದೆ ಜೈಲಿಗೆ ಹೋಗಿ, ಅಲ್ಲಿಂದಲೇ ಸುಪ್ರೀಂ ಕೋರ್ಟಿಗೆ ಪೆನ್ಸಿಲಿನಲ್ಲಿ ಅರ್ಜಿ ಬರೆದು ಗೆದ್ದ ಬಡವ ‘ಪೆನ್ಸಿಲಿನವ’. ಮನೆ ಹತ್ತಿರವೇ ಶಾಲೆಯಿದ್ದರೂ ಕರಿಯರ ಮಗುವೆಂದು ಬಸ್ಸು ಹಿಡಿದು ದೂರದ ಶಾಲೆಗೆ ಹೋಗಬೇಕಾಗಿದ್ದವಳು ‘ಬಸ್ಸಿನ ಹುಡುಗಿ’. ಇವರೆಲ್ಲ ಮೂಲ್ಕಿಯಲ್ಲಿ ಅವರ ಮನೆಯ ಆಚೀಚೆ ಇರುವವರೇನೋ ಎಂಬಂತೆ ಮಾತಾಡುವರು. ಗ್ಯಾರೇಜಿನಲ್ಲಿ ಯಾರನ್ನಾದರೂ ವಿಚಾರಿಸದೆ ಬೈದರೆ, “ಪೆನ್ಸಿಲಿನವ ಅಷ್ಟು ಬರೆದದ್ದು ಎಂತಕ್ಕೆ ಹಾಗಾದ್ರೆ?” ಎಂದು ಕೇಳುವರು. ಬೈದವರಿಗೆ ಅರ್ಥವಾಗುತ್ತಿರಲಿಲ್ಲ, ಆದರೆ ಬೈಗುಳ ನಿಲ್ಲುತ್ತಿತ್ತು.

ಗುದೈಬಿಯಾದ ಫ್ಲ್ಯಾಟಿನಲ್ಲಿ ನಾವು ಮೂವರು. ದೇಜಪ್ಪಣ್ಣ, ಪೈಂಟರ್ ಸುಧಾಕರ, ಮತ್ತು ಗ್ಯಾರೇಜಿನ ಆಫೀಸಿನಲ್ಲಿ ಕ್ಲರ್ಕ್ ಆದ ನಾನು. ಅಡುಗೆಮನೆಯ ಗೋಡೆಗೆ ಅದೇ ಬೆಳ್ಳಿ ಟೇಪಿನಲ್ಲಿ ಅಂಟಿಸಿದ ಒಂದು ಕಾಗದವಿತ್ತು. ಶುರುವಾಗುವುದೇ ಹೀಗೆ: “ನಾವು, ಈ ಫ್ಲ್ಯಾಟಿನ ಮೂರು ಜನ, ಒಪ್ಪಿ ಬರೆದುಕೊಂಡದ್ದು.” ಏನು ಅಡುಗೆಯೆಂದು ಪಟ್ಟಿ ಬರೆಯುವವನು ಸುಧಾಕರ. ಬೇಯಿಸುವವನು ನಾನು. ಪಟ್ಟಿ ಗೋಡೆಯ ನಿಯಮಕ್ಕೆ ಸರಿಯಿದೆಯೋ ಇಲ್ಲವೋ ಹೇಳುವವರು ದೇಜಪ್ಪಣ್ಣ. ಒಬ್ಬನ ಕೈಯಲ್ಲಿ ಎರಡು ಅಧಿಕಾರ ಇರಕೂಡದು. ಬೇಯಿಸುತ್ತ ಬೇಯಿಸುತ್ತ ಪಟ್ಟಿಗೆ ಎರಡು ಮೊಟ್ಟೆ ಸೇರಿಸಿದ್ದಕ್ಕೆ ನಾನು ಒಂದು ವಾರ ಪಾತ್ರೆ ತೊಳೆದಿದ್ದೇನೆ.

ಶನಿವಾರ ಮೀನಿಲ್ಲ ಎಂಬುದು ನಾಲ್ಕನೆಯ ನಿಯಮ. ಒಂದು ಶನಿವಾರ ಸುಧಾಕರ ಮಾರ್ಕೆಟಿನಲ್ಲಿ ತಾಜಾ ಬಂಗುಡೆ ಕಂಡು ಮನಸ್ಸು ತಡೆಯದೆ ತಂದು, ಪಟ್ಟಿಯಲ್ಲೂ ಬರೆದ. ದೇಜಪ್ಪಣ್ಣನಿಗೆ ಬಂಗುಡೆ ಎಂದರೆ ಪ್ರಾಣ. ಪಟ್ಟಿಯನ್ನೂ ಮೀನನ್ನೂ ಬಹಳ ಹೊತ್ತು ನೋಡಿದರು. ಗಂಟಲು ಏರಿ ಇಳಿದದ್ದು ನನಗೆ ಕಾಣಿಸಿತು.

“ನನಗೂ ಆಸೆ ಉಂಟು ಮಾರಾಯಾ. ಆದ್ರೆ ನಿನ್ನ ಪಟ್ಟಿ ದೊಡ್ಡದಾ, ಗೋಡೆಯ ಕಾಗದ ದೊಡ್ಡದಾ?”

ಬಂಗುಡೆ ಫ್ರೀಜರಿಗೆ ಹೋಯಿತು. ನಾವು ಸೌತೆಕಾಯಿ ಸಾಂಬಾರು ತಿಂದೆವು.

ಐದನೆಯ ನಿಯಮ ನನಗಾಗಿಯೇ ಬರೆದದ್ದು. ಅಣಕಿಸುವ ರೋಗ ನನಗೆ ಚಿಕ್ಕಂದಿನದು. ಬಿಡಿಸಲು ನೋಡಿದ ಮೇಷ್ಟ್ರುಗಳನ್ನೂ ಅಣಕಿಸಿಯೇ ಪಾಸಾದವನು ನಾನು. ದೇಜಪ್ಪಣ್ಣ ಬಿಡಿಸಲು ಹೋಗಲಿಲ್ಲ. “ಯಾರನ್ನು ಅಣಕಿಸಿದರೂ ಅವರ ಎದುರಿಗೇ ಅಣಕಿಸಬೇಕು” ಎಂದು ಬರೆದರು, ಅಷ್ಟೆ. ದೂರುವವನು ಆರೋಪಿಯ ಮುಖ ನೋಡಿಯೇ ದೂರಬೇಕೆಂದು ಪುಸ್ತಕದಲ್ಲಿದೆಯಂತೆ. ಅಂದಿನಿಂದ ನಾನು ಅವರ ಕಣ್ಣು ಮುಚ್ಚುವ ಭಂಗಿಯನ್ನು ಅವರೆದುರೇ ಮಾಡುತ್ತಿದ್ದೆ. “ಕುತ್ತಿಗೆ ಇನ್ನೂ ಸ್ವಲ್ಪ ಓರೆ” ಎಂದು ತಿದ್ದುವರು.

ಕುರಿಯನ್ ಸಾರ್ ನಮ್ಮ ಹಳೆಯ ಮ್ಯಾನೇಜರ್. ಕೆಲಸ ಬಿಟ್ಟು ಕೇರಳಕ್ಕೆ ಹೊರಟಿದ್ದರು. ದೇಜಪ್ಪಣ್ಣನಿಗೆ ಆಗ ಅರವತ್ತು ತುಂಬುತ್ತಿತ್ತು, ಅರವತ್ತಾದವರ ವೀಸಾವನ್ನು ಕಂಪೆನಿ ನವೀಕರಿಸುತ್ತಿರಲಿಲ್ಲ. ಎರಡು ವರ್ಷ ಮುಂದುವರಿಸುವ ಅಧಿಕಾರ ಕುರಿಯನ್ ಸಾರ್‌ಗೆ ಇತ್ತು. ತಮ್ಮ ಕೊನೆಯ ದಿನ, ಗುರುವಾರ ಮಧ್ಯಾಹ್ನ, ಆ ಕಾಗದಕ್ಕೆ ಸಹಿ ಹಾಕಿ ನನ್ನ ಕೈಗಿಟ್ಟರು. “ಸಂತು, ಇದು ದೇಜಪ್ಪನ ಕೈಗೆ. ಇವತ್ತೇ.”

ಅಷ್ಟರಲ್ಲಿ ಕೇಕು ಬಂತು. ಯಾರೋ “ಸಂತೂ, ಸಾರ್‌ದು ಮಾಡು!” ಎಂದು ಕೂಗಿದರು. ಕಾಗದವನ್ನು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅದರ ಮೇಲೆ ಕೇಕಿನ ಪೆಟ್ಟಿಗೆ ಇಟ್ಟವರು ಯಾರೋ ಗೊತ್ತಿಲ್ಲ. ನಾನು ಕುರಿಯನ್ ಸಾರ್ ಎದುರೇ ಕುರಿಯನ್ ಸಾರ್ ಆದೆ, ನಿಯಮದ ಪ್ರಕಾರವೇ. ಪ್ರತಿ ಮಾತಿಗೆ ಮುಂಚಿನ ಮೂರು ಕೆಮ್ಮು, ಕೊನೆಯ “ಓಕೇ ದೆನ್”. ಅವರೇ ಕಣ್ಣೊರೆಸಿಕೊಂಡು ನಕ್ಕರು. ಶುಕ್ರವಾರ, ಶನಿವಾರ ರಜೆ. ಎರಡು ದಿನವೂ ಮೊಬೈಲಿನಲ್ಲಿ ನನ್ನದೇ ವಿಡಿಯೋ ನೋಡುತ್ತ ಕಳೆದೆ.

ಭಾನುವಾರ ಹೊಸ ಮ್ಯಾನೇಜರ್ ಶ್ರೀಧರ್ ಸರ್ ಬಂದು ಕೂತರು. ಬೆಂಗಳೂರಿನವರು. ಪೆಟ್ಟಿಗೆ ಎತ್ತಿ, ಕಾಗದ ನೋಡಿ, ನನ್ನನ್ನು ಕರೆದರು.

“ಸಂತೋಷ್, ಇದು ಯಾರಿಗೂ ಕೊಟ್ಟೇ ಇಲ್ವಲ್ಲ? ಇಶ್ಯೂನೇ ಆಗಿಲ್ಲ ಅಂದ್ಮೇಲೆ ವ್ಯಾಲಿಡ್ ಅಲ್ಲ. ಹೆಡ್ ಆಫೀಸ್ ನನಗೆ ಹೇಳಿರೋದು, ಅರವತ್ತು ಅಂದ್ರೆ ಅರವತ್ತು.”

ಡ್ರಾಯರು ಮುಚ್ಚಿತು. ಬೀಗ ತಿರುಗಿದ ಆ ಸಣ್ಣ ಸದ್ದನ್ನು ನಾನು ಈಗಲೂ ಬಾಯಲ್ಲಿ ಯಥಾವತ್ ಮಾಡಬಲ್ಲೆ. ಮಾಡುವುದಿಲ್ಲ.

ದೇಜಪ್ಪಣ್ಣನ ವೀಸಾ ಮುಗಿಯಲು ಹದಿನೆಂಟು ದಿನ ಇತ್ತು. ಮೂರು ದಿನ ನಾನು ಬಾಯಿಬಿಡಲಿಲ್ಲ. “ಕಾಗದ ಬಂತಾ ಸಂತು?” ಎಂದರೆ, “ಟೈಪ್ ಆಗ್ತಾ ಉಂಟಂತೆ” ಎನ್ನುತ್ತಿದ್ದೆ. ಅನ್ನ ತಳ ಹಿಡಿಯಿತು, ಸಾರಿಗೆ ಎರಡು ಸಲ ಉಪ್ಪು ಬಿತ್ತು. ಅವರು ಗುರುತಿನ ಚೀಟಿಯನ್ನು ಕಿಸೆಯಿಂದ ತೆಗೆದು ತಾರೀಕು ನೋಡಿ ಒಳಗಿಡುವುದನ್ನು ಕಂಡಾಗಲೆಲ್ಲ ನಾನು ಒಲೆಯ ಕಡೆಗೆ ತಿರುಗಿಬಿಡುತ್ತಿದ್ದೆ. ಬುಧವಾರ ಸಂಜೆ ಅವರೇ ಕೇಳಿದರು.

“ನಿನ್ನ ಬಾಯಿಗೆ ಎಂತ ಆಗಿದೆ? ಮೂರು ದಿನದಿಂದ ಒಬ್ಬನನ್ನೂ ಅಣಕಿಸ್ಲಿಲ್ಲ. ಸುಮ್ಮನಿರುವ ಹಕ್ಕು ಉಂಟು ನಿನಗೆ, ಪೊಲೀಸಿನವರ ಎದುರು ಸಹ ಉಂಟು ಅಂತ ಪುಸ್ತಕದಲ್ಲಿ ಉಂಟು. ಆದ್ರೆ ಹೀಗೆ ಉಪ್ಪು ಹಾಕುವ ಹಕ್ಕು ಇಲ್ಲ.”

ಎಲ್ಲ ಹೇಳಿದೆ. ಅವರು ಎದ್ದು ಹೋಗಿ, ತೊಳೆದಿಟ್ಟ ತಟ್ಟೆಯನ್ನು ಮತ್ತೆ ತೊಳೆದರು. ಬೈದಿದ್ದರೆ ಉಸಿರು ಬರುತ್ತಿತ್ತು. ಆಮೇಲೆ ಕೇರಳಕ್ಕೆ ಫೋನು ಮಾಡಿದೆವು. ಕುರಿಯನ್ ಸಾರ್, ಪಾಪ, ಇದ್ದದ್ದನ್ನೇ ಹೇಳಿದರು: ಸಹಿ ಹಾಕಿ ಸಂತುವಿನ ಕೈಗೆ ಕೊಟ್ಟೆ, ಮುಂದಿನದು ನನಗೆ ತಿಳಿಯದು, ಈಗ ನಾನು ಅಲ್ಲಿ ಯಾರೂ ಅಲ್ಲ. ಸಹಿಗೂ ದೇಜಪ್ಪಣ್ಣನ ಕೈಗೂ ನಡುವೆ ಇದ್ದ ಗುಂಡಿ ನಾನೊಬ್ಬನೇ.

ಆಗ ನನ್ನ ತಲೆಗೆ ಎರಡನೆಯ ಮೂರ್ಖತನ ಹೊಳೆಯಿತು. “ಅಣ್ಣಾ, ನಾನೇ ಶ್ರೀಧರ್ ಸರ್‌ಗೆ ಫೋನು ಮಾಡ್ತೇನೆ, ಬೇರೆ ನಂಬರಿನಿಂದ. ಕುರಿಯನ್ ಸಾರ್ ಸ್ವರದಲ್ಲಿ. ದೇಜಪ್ಪನ ಕೈಗೆ ನಾನೇ ಕೊಟ್ಟಿದ್ದೆ, ಅವನು ಮರೆತು ಮೇಜಿನ ಮೇಲೆ ಬಿಟ್ಟ ಅಂತ ಹೇಳ್ತೇನೆ.”

“ಹೇಳು, ನೋಡುವಾ.”

ಹೇಳಿದೆ. ಮೂರು ಕೆಮ್ಮು, ಓಕೇ ದೆನ್, ಒಂದೂ ತಪ್ಪಲಿಲ್ಲ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ದೇಜಪ್ಪಣ್ಣ ಕಂಪ್ರೆಸರಿಗೆ ಕಿವಿಗೊಟ್ಟಂತೆ ಕಣ್ಣು ಮುಚ್ಚಿ ಕೇಳಿದರು. ಬಂಗುಡೆಯ ದಿನದಂತೆ ಗಂಟಲು ಏರಿ ಇಳಿಯಿತು. ಹೂಂ ಎನ್ನುತ್ತಾರೆಂದೇ ನಾನು ಹೆದರಿದೆ, ಅನ್ನಲಿ ಎಂದೂ ಬೇಡಿಕೊಂಡೆ.

“ಲಾಯ್ಕ ಉಂಟು. ಮಾಡ್ಬೇಡ,” ಎಂದರು. “ಅವರ ಸಹಿ ನಿಜದ್ದು. ಅದಕ್ಕೆ ಸುಳ್ಳು ಸ್ವರ ಸೇರಿಸಿದ್ರೆ ಸಹಿಯೂ ಸುಳ್ಳಾಯ್ತು. ಮತ್ತೆ ಐದನೇ ನಿಯಮ ಓದು.”

ಪುಸ್ತಕ ತೆರೆದು ‘ಮೇಜಿನ ಕಾಗದದವನ’ ಕಥೆ ಹೇಳಿದರು. ಅಧಿಕಾರ ಬಿಟ್ಟು ಹೋಗುತ್ತಿದ್ದ ಅಮೆರಿಕದ ಅಧ್ಯಕ್ಷ, ಒಬ್ಬನನ್ನು ಹುದ್ದೆಗೆ ನೇಮಿಸುವ ಕಾಗದಕ್ಕೆ ಸಹಿ ಹಾಕಿದ. ಸೀಲೂ ಬಿತ್ತು. ಆದರೆ ಗಡಿಬಿಡಿಯಲ್ಲಿ ಅದು ಅವನ ಕೈ ಸೇರದೆ ಮೇಜಿನ ಮೇಲೇ ಉಳಿಯಿತು. ಹೊಸ ಅಧ್ಯಕ್ಷನ ಕಡೆಯವರು ಕೊಡುವುದಿಲ್ಲ ಎಂದರು. ಅವನು ಸುಪ್ರೀಂ ಕೋರ್ಟಿಗೆ ಹೋದ. ಸಹಿಯಾಗಿ ಸೀಲು ಬಿದ್ದ ಮೇಲೆ ಅದು ಅವನದೇ, ತಡೆಯುವುದು ತಪ್ಪು ಎಂದಿತು ಕೋರ್ಟು.

“ಅಲ್ಲಿ ತೀರ್ಪು ಹೇಳಿದ ಜಡ್ಜು ಯಾರು ಗೊತ್ತುಂಟಾ? ಮೊದಲು ಆ ಕಾಗದ ಮುಟ್ಟಿಸ್ಬೇಕಾಗಿದ್ದವನೇ ಅವ. ಹನ್ನೊಂದು ವರ್ಷ ಈ ಪುಟ ಓದಿ ನಗಾಡಿದ್ದೇನೆ ಸಂತು. ನನ್ನ ಅಡುಗೆಮನೆಯಲ್ಲೇ ಅಂಥವ ಇದ್ದಾನೆ ಅಂತ ಗೊತ್ತಿರ್ಲಿಲ್ಲ.”

ಮರುದಿನ ಇಬ್ಬರೂ ಶ್ರೀಧರ್ ಸರ್ ಕ್ಯಾಬಿನ್ನಿಗೆ ಹೋದೆವು. ಫಲ ನಿಮಗೆ ಗೊತ್ತೇ ಇದೆ. ವೀಸಾ ಮುಗಿಯುವ ಹಿಂದಿನ ದಿನ ದೇಜಪ್ಪಣ್ಣ ಊರಿಗೆ ಹೊರಟರು. ಬೆಳ್ಳಿ ಟೇಪಿನ ಪುಸ್ತಕವನ್ನು ಕೈಚೀಲದಲ್ಲೇ ಇಟ್ಟುಕೊಂಡರು. ಅದರೊಳಗೆ ಮಡಚಿದ ಒಂದು ಕಾಗದವಿತ್ತು. ಮೊನ್ನೆ ಅಕ್ಷತಾ ಫೋನಿನಲ್ಲಿ ಹೇಳಿದಳು: ಮೂಲ್ಕಿಯ ಒಂದು ಗ್ಯಾರೇಜಿನಲ್ಲಿ ಅಪ್ಪ ಮತ್ತೆ ಸ್ಕ್ರೂಡ್ರೈವರ್ ಕಿವಿಗೆ ಹಿಡಿದಿದ್ದಾರೆ, ನನ್ನ ಓದು ನಿಂತಿಲ್ಲ. ನಿಂತಿದ್ದರೆ ಎಂದು ಯೋಚಿಸುವ ಧೈರ್ಯ ನನಗಿಲ್ಲ. ಅಡುಗೆಮನೆಯಲ್ಲಿ ಈಗ ಪಟ್ಟಿ ಸರಿಯಿದೆಯೋ ಇಲ್ಲವೋ ಹೇಳುವವರಿಲ್ಲ. ಆದರೂ ಸುಧಾಕರ ಶನಿವಾರ ಬಂಗುಡೆ ತರುವುದಿಲ್ಲ. “ದೇಜಪ್ಪಣ್ಣಂದು ಮಾಡು” ಎಂದು ಗ್ಯಾರೇಜಿನವರು ಕಾಡುತ್ತಾರೆ. ಅವರು ಎದುರಿಗಿಲ್ಲವಲ್ಲ, ಐದನೆಯ ನಿಯಮ ಅಡ್ಡ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕ್ಯಾಬಿನ್ನಿನಲ್ಲಿ ನಡೆದದ್ದು ಇಷ್ಟು. ದೇಜಪ್ಪಣ್ಣ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಶ್ರೀಧರ್ ಸರ್ ಮೊದಲು ನನ್ನತ್ತ ತಿರುಗಿ, “ಹೇಗೆ ಇಲ್ಲಿ ಉಳೀತು ಅದು?” ಎಂದರು.

“ಅವನ ಬಾಯಿಂದಲೇ ಅವನ ತಪ್ಪು ಹೇಳಿಸ್ಬಾರ್ದು ಸಾರ್,” ಎಂದು ದೇಜಪ್ಪಣ್ಣ ಅಡ್ಡ ಬಂದರು.

“ನಾನೇ ಸರ್. ಮರೆತದ್ದು ನಾನೇ,” ಎಂದೆ. ಯಾರ ಸ್ವರವೂ ಅಲ್ಲದ ಒಂದು ಸಣಕಲು ಸ್ವರ ಹೊರಬಂತು. ಬಹುಶಃ ನನ್ನದೇ.

ಶ್ರೀಧರ್ ಸರ್ ಕೆಟ್ಟವರಲ್ಲ. ಪುಟವನ್ನು ನಿಧಾನವಾಗಿ ಓದಿದರು. ತಿರುವಿ ಮುಂದಿನದನ್ನೂ ಓದಿದರು. ಆಮೇಲೆ ಕನ್ನಡಕ ತೆಗೆದರು.

“ದೇಜಪ್ಪ ಅವ್ರೇ, ಹಕ್ಕು ನಿಮ್ದೇ ಇರಬಹುದು. ಆದ್ರೆ ಹೆಡ್ ಆಫೀಸ್ ರೂಲ್ ಮುರಿಯೋ ಪವರ್ ನನಗೆ ಕೊಟ್ಟಿಲ್ಲ. ಈ ಕೋರ್ಟೂ ಅದನ್ನೇ ಹೇಳಿದೆ ನೋಡಿ. ಹಕ್ಕು ಇದೆ, ಆದ್ರೆ ಆರ್ಡರ್ ಮಾಡೋ ಪವರ್ ನಮಗಿಲ್ಲ, ಆ ಪವರ್ ಕೊಟ್ಟ ಕಾನೂನೇ ಸಂವಿಧಾನಕ್ಕೆ ವಿರುದ್ಧ ಅಂತ. ಕೊನೆಗೆ ಆ ಮನುಷ್ಯನಿಗೆ ಕಾಗದ ಸಿಗಲೇ ಇಲ್ಲ.”

“ಸಿಕ್ಲಿಲ್ಲ ಸಾರ್. ಹನ್ನೊಂದು ವರ್ಷದಿಂದ ಓದ್ತಾ ಇದ್ದೇನೆ, ಒಮ್ಮೆಯೂ ಸಿಕ್ಲಿಲ್ಲ. ಆದ್ರೆ ಅವನಿಗೆ ಸಿಗ್ಬೇಕಿತ್ತು ಅಂತ ಕೋರ್ಟು ಬರೆದಿಟ್ಟಿತಲ್ಲ. ನೀವು ಅಷ್ಟು ಬರೆದು ಸಹಿ ಹಾಕಿ ಕೊಡಿ. ಈ ಸಲ ಕಾಗದ ನಾನೇ ತಕೊಂಡು ಹೋಗ್ತೇನೆ.”